ವಿಂಡೋಸ್ 7ರಲ್ಲೇ ಕೆಲಸ ನಡೆಯಬೇಕೆ? ಹೀಗೆ ಸಜ್ಜುಗೊಳಿಸಿ

ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕುವ ಪ್ರೆಸ್‌ಗಳಲ್ಲಿ, ತಾಲ್ಲೂಕು ಕಚೇರಿ ಪಕ್ಕದ ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್ 7 ಇನ್ನೂ ದುಡಿಯುತ್ತಿದೆ. ವರ್ಷಗಟ್ಟಲೆ ಮಾಡಿಟ್ಟ ಕೆಲಸವೆಲ್ಲ ಪೇಜ್‌ಮೇಕರ್ ಫೈಲುಗಳಲ್ಲಿ, ನುಡಿ ಮತ್ತು ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಇರುವಾಗ ಅದನ್ನು ಬಿಟ್ಟೇಳುವುದು ಸುಲಭವಲ್ಲ. ಆದರೆ ಹೊಸ ಎಸ್‌ಎಸ್‌ಡಿ ಹಾಕಿದರೆ ನೀಲಿ ಪರದೆ ಬರುತ್ತದೆ, ಹೊಸ ಮದರ್‌ಬೋರ್ಡಿನಲ್ಲಿ ಕೀಬೋರ್ಡೇ ಕೆಲಸ ಮಾಡುವುದಿಲ್ಲ, ಹೊಸ ಸಾಫ್ಟ್‌ವೇರ್ ಇಳಿಸಿದರೆ ಯಾವುದೋ ಡಿಎಲ್‌ಎಲ್ ಇಲ್ಲವೆಂಬ ದೂರು. ‘ಹಳೇದಾಯ್ತು ಸಾರ್, ಹೊಸದು ತಗೊಳ್ಳಿ’ ಎಂಬ ಸಲಹೆ ಕೂಡಲೇ ಸಿಗುತ್ತದೆ. ಆ ತೀರ್ಮಾನಕ್ಕೆ ಬರುವ ಮುಂಚೆ, ಕೊರತೆ ಯಾವುದೆಂದು ನೋಡಿ. ಯಂತ್ರಕ್ಕೆ ಬೇಕಾದ ಡ್ರೈವರ್ ಇಲ್ಲವೋ, ಹೊಸ ಡಿಜಿಟಲ್ ಸಹಿಯನ್ನು ವಿಂಡೋಸ್ ಗುರುತಿಸುತ್ತಿಲ್ಲವೋ, ಸಾಫ್ಟ್‌ವೇರ್‌ಗೆ ಬೇಕಾದ ಆಧಾರ ಕಡತ ಇಲ್ಲವೋ? ತೊಂದರೆ ಬಹುಪಾಲು ಈ ಮೂರರಲ್ಲಿ ಒಂದಾಗಿರುತ್ತದೆ. ಮೂರಕ್ಕೂ ಪರಿಹಾರವಿದೆ, ಕ್ರಮ ತಪ್ಪಿಸಬಾರದು ಅಷ್ಟೆ.

ಮೊದಲು ಪೂರ್ತಿ ನಕಲು

ಯಾವುದನ್ನೂ ಮುಟ್ಟುವ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದಿಡಿ. ಫೈಲುಗಳನ್ನಷ್ಟೇ ಕಾಪಿ ಮಾಡಿದರೆ ಸಾಲದು. ಫಾಂಟುಗಳು, ಸಾಫ್ಟ್‌ವೇರ್ ನೋಂದಣಿ, ಪ್ರಿಂಟರ್ ಹೊಂದಾಣಿಕೆ ಎಲ್ಲವೂ ಉಳಿಯಬೇಕೆಂದರೆ ಡಿಸ್ಕ್ ಇಮೇಜ್ ಬೇಕು. ಪೆನ್‌ಡ್ರೈವ್‌ನಿಂದಲೇ ಶುರುವಾಗುವ ಕ್ಲೋನ್‌ಜಿಲ್ಲಾ ಉಚಿತವಾಗಿದೆ. ಕಂಪ್ಯೂಟರಿನಲ್ಲಿರುವ ವಿಂಡೋಸ್ ಎಷ್ಟೇ ಹಳೆಯದಾದರೂ ಅದಕ್ಕೆ ಲೆಕ್ಕವಿಲ್ಲ.

ಬಳಿಕ ‘ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ಎರಡು ವಿಷಯ ಬರೆದುಕೊಳ್ಳಿ: 32 ಬಿಟ್ಟೋ 64 ಬಿಟ್ಟೋ, ಸರ್ವಿಸ್ ಪ್ಯಾಕ್ 1 ಇದೆಯೋ ಇಲ್ಲವೋ. ಸರ್ವಿಸ್ ಪ್ಯಾಕ್ 1 ಇಲ್ಲದಿದ್ದರೆ ಮುಂದೆ ಹೇಳುವ ಅಪ್‌ಡೇಟ್‌ಗಳು ಕೂಡಿಬರವು.

ಎಸ್‌ಎಸ್‌ಡಿ ಹಾಕುವಾಗ

ಹಳೆ ಯಂತ್ರಕ್ಕೆ ಖರ್ಚು ಮಾಡುವುದಾದರೆ ಮೊದಲ ಖರ್ಚು ಇದೇ ಆಗಲಿ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೊಳ್ಳಿ, ಅದರ ಸಾಮರ್ಥ್ಯ ಹಳೆ ಡಿಸ್ಕಿನಷ್ಟು ಅಥವಾ ಹೆಚ್ಚು ಇರಲಿ. ಆಗ ಕ್ಲೋನ್‌ಜಿಲ್ಲಾದಲ್ಲಿ ನೇರವಾಗಿ ಪ್ರತಿ ಮಾಡಬಹುದು. ಎಸ್‌ಎಸ್‌ಡಿಯ ಆಯುಷ್ಯ ಕಾಯುವ ಟ್ರಿಮ್ ಸೌಲಭ್ಯ ವಿಂಡೋಸ್ 7ರಲ್ಲಿ ಮೊದಲಿಂದಲೂ ಇದೆ. ಬೋರ್ಡಿನ ಮೇಲೇ ಚುಚ್ಚುವ ಎನ್‌ವಿಎಂಇ ಮಾದರಿಗೆ ಮಾತ್ರ ವಿಂಡೋಸ್ 7ರಲ್ಲಿ ಡ್ರೈವರ್ ಇಲ್ಲ, ಕೆಬಿ 2990941 ಮತ್ತು ಕೆಬಿ 3087873 ಎಂಬ ತೇಪೆಗಳನ್ನು ಸೇರಿಸಬೇಕಾಗುತ್ತದೆ. ಹಳೆ ಬೋರ್ಡಿಗೆ ಆ ಗೋಜೇ ಬೇಡ.

ನೀಲಿ ಪರದೆ ಬರುವುದು ಸಾಮಾನ್ಯವಾಗಿ ಇಲ್ಲಿ. ಹಿಂದೆ ಅನೇಕ ಯಂತ್ರಗಳನ್ನು ಬಯೋಸ್‌ನಲ್ಲಿ ‘ಐಡಿಇ’ ಎಂದಿಟ್ಟು ವಿಂಡೋಸ್ ಹಾಕಿದ್ದರು. ಎಸ್‌ಎಸ್‌ಡಿಗೆ ‘ಎಎಚ್‌ಸಿಐ’ ಒಳ್ಳೆಯದೆಂದು ಅದನ್ನು ನೇರವಾಗಿ ಬದಲಿಸಿದರೆ ವಿಂಡೋಸ್ ಶುರುವಿನಲ್ಲೇ ನಿಲ್ಲುತ್ತದೆ, ಪರದೆಯ ಮೇಲೆ 7ಬಿ ಎಂದು ಮುಗಿಯುವ ದೋಷಸಂಖ್ಯೆ ಕಾಣುತ್ತದೆ. ಡಿಸ್ಕ್ ಕೆಟ್ಟಿರುವುದಿಲ್ಲ, ಎಎಚ್‌ಸಿಐ ಡ್ರೈವರ್ ಮಲಗಿರುತ್ತದೆ. ಬಯೋಸ್ ಬದಲಿಸುವ ಮುನ್ನವೇ ಅದನ್ನು ಎಬ್ಬಿಸಬೇಕು. ರಿಜಿಸ್ಟ್ರಿ ಎಡಿಟರ್ ತೆರೆದು ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವಿಸಸ್ ಎಂದು ಇಳಿದು ‘ಎಂಎಸ್‌ಎಎಚ್‌ಸಿಐ’ ಹುಡುಕಿ. ಬಲಗಡೆ ‘ಸ್ಟಾರ್ಟ್’ ಎಂಬುದರ ಬೆಲೆ 3 ಇದ್ದರೆ 0 ಮಾಡಿ. ಯಂತ್ರ ಬಂದ್ ಮಾಡಿ, ಬಯೋಸ್‌ನಲ್ಲಿ ಎಎಚ್‌ಸಿಐ ಆರಿಸಿಕೊಂಡು ಮತ್ತೆ ಹಚ್ಚಿ. ವಿಂಡೋಸ್ ತಾನೇ ಡ್ರೈವರ್ ಹಾಕಿಕೊಂಡು ಇನ್ನೊಮ್ಮೆ ರೀಸ್ಟಾರ್ಟ್ ಕೇಳುತ್ತದೆ.

ಹೊಸ ಬೋರ್ಡಿನ ಮೇಲೆ ಹಾಕುವುದಾದರೆ

ವಿಂಡೋಸ್ 7 ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಯುಎಸ್‌ಬಿ 3.0 ಡ್ರೈವರ್ ಅದರೊಳಗಿಲ್ಲ. 2015ರಲ್ಲಿ ಬಂದ ಇಂಟೆಲ್ ಆರನೇ ಪೀಳಿಗೆಯ ಬೋರ್ಡುಗಳಲ್ಲಿ ಯುಎಸ್‌ಬಿ 2.0ದ ಹಳೆ ನಿಯಂತ್ರಕವನ್ನೇ ತೆಗೆದರು. ಹೀಗಾಗಿ ಇನ್‌ಸ್ಟಾಲ್ ಪರದೆ ಬರುತ್ತದೆ, ಮೌಸ್ ಅಲ್ಲಾಡುವುದಿಲ್ಲ, ಕೀಬೋರ್ಡ್ ಒತ್ತಿದರೆ ಏನೂ ಆಗುವುದಿಲ್ಲ. ಬೋರ್ಡಿನಲ್ಲಿ ದುಂಡನೆಯ ಪಿಎಸ್/2 ಕಿಂಡಿ ಇದ್ದರೆ ಹಳೆ ಕೀಬೋರ್ಡ್ ಚುಚ್ಚಿ ಇನ್‌ಸ್ಟಾಲ್ ಮುಗಿಸಿ, ಆಮೇಲೆ ಬೋರ್ಡಿನ ಜೊತೆ ಬಂದ ಸಿಡಿಯಿಂದ ಯುಎಸ್‌ಬಿ ಡ್ರೈವರ್ ಹಾಕಿ. ಇದಕ್ಕಿಂತ ಸರಳ ದಾರಿ ಇಲ್ಲ.

ಆ ಕಿಂಡಿ ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನೊಳಗೇ ಡ್ರೈವರ್ ಸೇರಿಸಬೇಕು. ಬೋರ್ಡ್ ತಯಾರಕರಲ್ಲಿ ಹಲವರು ಇದಕ್ಕೆಂದೇ ಪುಟ್ಟ ಟೂಲ್ ಕೊಟ್ಟಿದ್ದರು. ವಿಂಡೋಸ್‌ನ ಡಿಐಎಸ್‌ಎಂ ಎಂಬ ಕಮಾಂಡಿನಿಂದಲೂ ಆಗುತ್ತದೆ. ಪೆನ್‌ಡ್ರೈವ್‌ನ ‘ಸೋರ್ಸಸ್’ ಫೋಲ್ಡರಿನಲ್ಲಿ ಬೂಟ್ ಮತ್ತು ಇನ್‌ಸ್ಟಾಲ್ ಎಂಬ ಎರಡು ವಿಮ್ ಕಡತಗಳಿರುತ್ತವೆ. ಎರಡಕ್ಕೂ ಡ್ರೈವರ್ ಸೇರಬೇಕು, ಬೂಟ್ ಕಡತದಲ್ಲಂತೂ ಎರಡನೇ ಕ್ರಮಾಂಕದ ಇಮೇಜಿಗೆ ಸೇರಲೇಬೇಕು; ಇನ್‌ಸ್ಟಾಲ್ ಪರದೆ ಬರುವುದೇ ಅದರಿಂದ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಬಂದ್ ಮಾಡಿ, ಹಳೆ ಬೂಟ್ ವಿಧಾನದ ಸಿಎಸ್‌ಎಂ ಹಚ್ಚಿಡಿ.

ಇಂಟೆಲ್ ಏಳನೇ ಪೀಳಿಗೆ ಮತ್ತು ಎಎಂಡಿ ರೈಜನ್‌ನಿಂದ ಈಚೆಗೆ ದಾರಿ ಕಠಿಣ. 2017ರಿಂದ ಈ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 7ಕ್ಕೆ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ ತಡೆಯಿತು. ಇಂಟೆಲ್‌ನ ಅಂತರ್ಗತ ಗ್ರಾಫಿಕ್ಸ್‌ಗೂ ಅಧಿಕೃತ ಡ್ರೈವರ್ ನಿಂತಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಟೆಲ್ ಆರನೇ ಪೀಳಿಗೆಯನ್ನೇ ಕೊನೆಯ ಗಡಿ ಎಂದಿಟ್ಟುಕೊಳ್ಳುವುದು ಕ್ಷೇಮ.

ಸಹಿ ಗುರುತಿಸಲು ಕಲಿಸಿ

ಡ್ರೈವರ್ ಹಾಕಿದ ಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ‘ಕೋಡ್ 52’ ಎಂದು ಬರುವುದುಂಟು. ವಿಂಡೋಸ್ ಪ್ರತಿ ಡ್ರೈವರಿನ ಡಿಜಿಟಲ್ ಸಹಿ ಪರೀಕ್ಷಿಸುತ್ತದೆ. ಉದ್ಯಮ ಎಸ್‌ಎಚ್‌ಎ-1 ಎಂಬ ಹಳೆ ಸಹಿ ವಿಧಾನ ಬಿಟ್ಟು ಎಸ್‌ಎಚ್‌ಎ-2 ಹಿಡಿದಿದೆ, ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಅಪ್‌ಡೇಟ್‌ಗಳನ್ನು ಅದಕ್ಕೇ ಬದಲಿಸಿತು. ಹಳೆ ವಿಂಡೋಸ್‌ಗೆ ಈ ಸಹಿ ಓದಲು ಬಾರದು. ಎಫ್8 ಒತ್ತಿ ಸಹಿ ಪರೀಕ್ಷೆಯನ್ನೇ ಬಂದ್ ಮಾಡಿ ಎಂದು ಹೇಳುವವರಿದ್ದಾರೆ. ಅದು ಒಂದು ರೀಸ್ಟಾರ್ಟಿನವರೆಗಷ್ಟೇ ನಿಲ್ಲುತ್ತದೆ, ಅಪಾಯವೂ ಹೌದು.

ಅದರ ಬದಲು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ನಿಮ್ಮ 32 ಅಥವಾ 64 ಬಿಟ್‌ಗೆ ತಕ್ಕ ಕಡತಗಳನ್ನು ಇಳಿಸಿ, ಇದೇ ಕ್ರಮದಲ್ಲಿ ಹಾಕಿ: ಸರ್ವಿಸ್ ಪ್ಯಾಕ್ 1, ಆಮೇಲೆ ಕೆಬಿ 4490628, ಅದರ ಬೆನ್ನಿಗೆ ಕೆಬಿ 4474419. ಪ್ರತಿಯೊಂದಕ್ಕೂ ರೀಸ್ಟಾರ್ಟ್ ಕೊಡಿ. ಮುಂದೆ ಕೆಬಿ 3020369, ನಂತರ ಕೆಬಿ 3125574. ಈ ಕೊನೆಯದು 2016ರವರೆಗಿನ ಬಹುಪಾಲು ಅಪ್‌ಡೇಟ್‌ಗಳ ಒಂದೇ ಕಂತೆ, ನೂರಾರು ಕಡತಗಳ ಕೆಲಸ ಉಳಿಸುತ್ತದೆ.

ಈಗ ಸಾಫ್ಟ್‌ವೇರಿನ ಸರದಿ. ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಎಂದು ಶುರುವಾಗುವ ಡಿಎಲ್‌ಎಲ್ ಇಲ್ಲವೆಂದರೆ ಆ ಒಂದು ಕಡತವನ್ನು ಎಲ್ಲಿಂದಲೋ ಇಳಿಸಬೇಡಿ, ವೈರಸ್ ಬರುವ ಹೆದ್ದಾರಿ ಅದು. ಕೆಬಿ 2999226 ಹಾಕಿ, ಜೊತೆಗೆ ವಿಷುಯಲ್ ಸಿ++ 2015–2019 ರೀಡಿಸ್ಟ್ರಿಬ್ಯೂಟಬಲ್ ಹಾಕಿ. ಡಾಟ್‌ನೆಟ್ ಬೇಕಿದ್ದರೆ ವಿಂಡೋಸ್ 7ಕ್ಕೆ 4.8 ಕೊನೆಯದು. ನೆಟ್ ಇಲ್ಲದ ಯಂತ್ರದಲ್ಲಿ ಅದು ಸರ್ಟಿಫಿಕೇಟ್ ಸರಪಳಿ ಸಿಗಲಿಲ್ಲವೆಂದು ನಿಂತರೆ ಮೈಕ್ರೋಸಾಫ್ಟ್‌ನ 2011ರ ರೂಟ್ ಸರ್ಟಿಫಿಕೇಟನ್ನು ಮೊದಲು ಸೇರಿಸಿ.

ನೆಟ್ ಮತ್ತು ಕನ್ನಡ

ಯಾವ ವೆಬ್‌ಸೈಟೂ ತೆರೆಯದೆ ‘ಸುರಕ್ಷಿತವಲ್ಲ’ ಎಂದು ಬಂದರೆ ಮೊದಲು ತಾರೀಕು ನೋಡಿ. ಬೋರ್ಡಿನ ಸಿಆರ್ 2032 ಬಟನ್ ಸೆಲ್ ಸತ್ತು ಗಡಿಯಾರ ವರ್ಷಗಳಷ್ಟು ಹಿಂದೆ ಹೋಗಿದ್ದರೆ ಯಾವ ಸರ್ಟಿಫಿಕೇಟೂ ಹೊಂದುವುದಿಲ್ಲ. ಕ್ರೋಮ್ 109ಕ್ಕೇ ವಿಂಡೋಸ್ 7ರ ಬಾಗಿಲು ಮುಚ್ಚಿತು. ಫೈರ್‌ಫಾಕ್ಸ್‌ನ ಇಎಸ್‌ಆರ್ 115 ಆವೃತ್ತಿ ಉತ್ತಮ, ಅದು ಸರ್ಟಿಫಿಕೇಟ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಹೊಸ ವೈಫೈ ಡಾಂಗಲ್‌ಗೆ ಡ್ರೈವರ್ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಚ್ಚಿ.

ಯೂನಿಕೋಡ್ ಕನ್ನಡ ಓದಲು ತುಂಗಾ ಫಾಂಟ್ ವಿಂಡೋಸ್ 7ರಲ್ಲೇ ಇದೆ. ರೂಪಾಯಿ ಚಿಹ್ನೆ ಬದಲು ಖಾಲಿ ಚೌಕ ಕಂಡರೆ ಕೆಬಿ 2496898 ಹಾಕಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಗ್ನಪತ್ರಿಕೆಯ ಒಕ್ಕಣೆಯನ್ನು ನೇರವಾಗಿ ಅಂಟಿಸಿದರೆ ಪ್ರಶ್ನೆಚಿಹ್ನೆಗಳ ಸಾಲು ಬರುವುದು ಇದಕ್ಕೇ. ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ನಿಂದ ಆಸ್ಕಿಗೆ ಬದಲಿಸಿ, ಆಮೇಲೆ ಅಂಟಿಸಿ, ನುಡಿ ಫಾಂಟ್ ಕೊಡಿ. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ತಿದ್ದಿ. ವಧೂವರರ ಹೆಸರಿನಲ್ಲಿ ಒಂದು ಒತ್ತು ಹಾರಿಹೋದರೂ ಇಡೀ ಕಟ್ಟು ವಾಪಸ್ ಬರುತ್ತದೆ.

ಹೊಸ ಪ್ರಿಂಟರಿಗೆ ಡ್ರೈವರ್ ಇಲ್ಲವೆಂದರೆ ಪಿಡಿಎಫ್ ಮಾಡಿ ಬೇರೆ ಕಂಪ್ಯೂಟರಿನಿಂದ ಪ್ರಿಂಟ್ ಕೊಡಿ.

ಇಷ್ಟಾದರೂ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ರಿಟರ್ನ್, ಆಧಾರ್ ಕೆಲಸ ಈ ಯಂತ್ರದಲ್ಲಿ ಬೇಡ. 2020ರ ಜನವರಿ 14ಕ್ಕೆ ಇದರ ಸಾಮಾನ್ಯ ಬೆಂಬಲ ಮುಗಿದಿದೆ, ಹಣ ಕೊಟ್ಟವರ ಹೆಚ್ಚುವರಿ ಬೆಂಬಲವೂ 2023ರ ಜನವರಿಗೆ ನಿಂತಿದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ಎಂಬ ಕುತಂತ್ರಾಂಶ ಹೆಚ್ಚಾಗಿ ತಟ್ಟಿದ್ದು ವಿಂಡೋಸ್ 7 ಯಂತ್ರಗಳಿಗೇ. ಅದಕ್ಕೆ ಮದ್ದು ಮಾರ್ಚ್‌ನಲ್ಲೇ ಬಂದಿತ್ತು, ಹಲವರು ಹಾಕಿಕೊಂಡಿರಲಿಲ್ಲ. ಪೇಜ್‌ಮೇಕರ್ ಒಂದಕ್ಕಾಗಿಯೇ ವಿಂಡೋಸ್ 7 ಬೇಕೆಂದಿದ್ದರೆ, ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಹಳೆ ವಿಂಡೋಸ್ ನಡೆಸಿ, ನೆಟ್ ಸಂಪರ್ಕ ತೆಗೆದಿಡಿ. ಶೇರ್ಡ್ ಫೋಲ್ಡರ್ ಮೂಲಕ ಫೈಲುಗಳು ಓಡಾಡುತ್ತವೆ. ನನ್ನ ಮಟ್ಟಿಗೆ ಪ್ರೆಸ್‌ಗಳಿಗೆ ಇದೇ ಮೇಲಾದ ದಾರಿ.

ಯಾವ ದಾರಿ ಹಿಡಿದರೂ ಒಂದು ಕೆಲಸ ಈ ವಾರವೇ ಮಾಡಿ. ಎಸ್‌ಎಚ್‌ಎ-1 ಸಹಿಯ ಡೌನ್‌ಲೋಡ್‌ಗಳನ್ನು ಮೈಕ್ರೋಸಾಫ್ಟ್ 2020ರ ಆಗಸ್ಟ್‌ನಲ್ಲಿ ತನ್ನ ಡೌನ್‌ಲೋಡ್ ಕೇಂದ್ರದಿಂದ ತೆಗೆದುಹಾಕಿತು. ಹಳೆ ಡ್ರೈವರ್‌ಗಳನ್ನು ತಯಾರಕರೂ ಸದ್ದಿಲ್ಲದೆ ತೆಗೆಯುತ್ತಾರೆ. ನಿಮ್ಮ ಬೋರ್ಡ್, ಪ್ರಿಂಟರ್, ಸ್ಕ್ಯಾನರ್‌ನ ಡ್ರೈವರ್‌ಗಳನ್ನೂ ಮೇಲೆ ಹೇಳಿದ ಕೆಬಿ ಕಡತಗಳನ್ನೂ ಸಿಗುವಾಗಲೇ ಇಳಿಸಿ, ಎರಡು ಪೆನ್‌ಡ್ರೈವ್‌ಗಳಲ್ಲಿ ಬೇರೆಬೇರೆ ಕಡೆ ಇಡಿ.