ಒರಗಿಕೊಳ್ಳಲು ಒಂದು ವಚನ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ, ತಟ್ಟೆಯಿಂದ ವಚನ ಬರೆದ ಒಂದು ವಾಗ್ದಾನದ ಕಾರ್ಡ್ ಎತ್ತಿಕೊಂಡು ಮನೆಗೆ ಬರುತ್ತೇವೆ. ಜನವರಿ ಕಳೆಯುವಷ್ಟರಲ್ಲಿ ಅದು ಸತ್ಯವೇದದ ಯಾವ ಪುಟದೊಳಗೆ ಸೇರಿತೋ ನೆನಪಿರುವುದಿಲ್ಲ. ಒಂದು ವಚನ ನಮ್ಮದಾಗಬೇಕಾದರೆ ಅದನ್ನು ನಾವೇ ಹುಡುಕಿ, ಸ್ವಲ್ಪ ದುಡಿಯಬೇಕು.

1. ಮೊದಲು ನಿಮ್ಮ ಸಂಕಟ ಯಾವುದೆಂದು ಹೇಳಿಕೊಳ್ಳಿ. ಭಯವೋ, ಸಾಲವೋ, ಸಿಟ್ಟೋ, ಒಂಟಿತನವೋ? ಬರೀ 'ನೆಮ್ಮದಿ ಬೇಕು' ಎಂದರೆ ಎಲ್ಲಿಂದ ಹುಡುಕುವುದು?

2. ಕೀರ್ತನೆಗಳಿಂದ ಶುರುಮಾಡಿ. ಇರುವ 150ರಲ್ಲಿ ಅತ್ತು ಗೋಗರೆಯುವವೂ ಬಹಳ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಎದೆಯೊಡೆದು ಕೂತವರಿಗೆ ನಾನು ಅದನ್ನೇ ಮೊದಲು ತೋರಿಸುತ್ತೇನೆ.

3. ವಚನದ ಹಿಂದುಮುಂದು ಓದಿ. ಇದನ್ನು ಬಿಡಲೇಬೇಡಿ. ಯೆರೆಮೀಯ 29:11 ಎಷ್ಟೊಂದು ಮನೆಗಳ ಗೋಡೆಯ ಮೇಲಿದೆ! ಒಳ್ಳೆಯ ದಿನ ಬರುತ್ತದೆಂಬ ಭರವಸೆ ಅದು, ನಿಜ. ಆದರೆ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು. ಹಿಂದಿನ ವಚನದಲ್ಲೇ 70 ವರ್ಷದ ಲೆಕ್ಕವಿದೆ. ಅಲ್ಲಿಯತನಕ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಎನ್ನುತ್ತದೆ ಆ ಪತ್ರ. ಇಂಟರ್‌ವ್ಯೂ ಹಿಂದಿನ ರಾತ್ರಿ ಇದನ್ನು ಓದುವವರಿಗೆ ಇಷ್ಟು ಗೊತ್ತಿದ್ದರೆ, ಕೆಲಸ ಸಿಗದಿದ್ದರೂ ವಚನದ ಮೇಲೆ ಮುನಿಸು ಬರುವುದಿಲ್ಲ. 'ಎಲ್ಲಕ್ಕೂ ಶಕ್ತನಾಗಿದ್ದೇನೆ' ಎನ್ನುವ ಫಿಲಿಪ್ಪಿಯವರಿಗೆ 4:13 ಕೂಡ ಹಾಗೆಯೇ. ಪೌಲನು ಸೆರೆಯಲ್ಲಿದ್ದು ಬರೆದದ್ದು, ಹಸಿವಿನ ಮಾತು ಅದರ ಹಿಂದಿನ ವಚನದಲ್ಲೇ ಇದೆ.

4. ಒಂದೇ ಸಾಕು, ತಿಂಗಳುಗಟ್ಟಲೆ.

5. ಕೈಯಾರೆ ಬರೆದು ಕಣ್ಣಿಗೆ ಬೀಳುವ ಕಡೆ ಅಂಟಿಸಿ, ಬಾಯಿಬಿಟ್ಟು ಓದಿ. ನಮ್ಮಮ್ಮ 121ನೆಯ ಕೀರ್ತನೆಯನ್ನು ಹಳೇ ಕ್ಯಾಲೆಂಡರಿನ ಹಿಂಬದಿ ಬರೆದು ಒಲೆ ಪಕ್ಕದ ಗೋಡೆಗೆ ಅಂಟಿಸಿದ್ದರು. ಎಂಟೇ ವಚನ, ಯೆರೂಸಲೇಮಿಗೆ ಹತ್ತಿ ಹೋಗುವ ಯಾತ್ರಿಕರ ಹಾಡು. ಒಗ್ಗರಣೆಯ ಎಣ್ಣೆ ಸಿಡಿದು, ಅರಿಸಿನದ ಬೆರಳು ತಗುಲಿ, ಕಾಯುವವನಿಗೆ ನಿದ್ದೆಯಿಲ್ಲ ಎನ್ನುವ ಸಾಲು ಪೂರ್ತಿ ಅಳಿಸಿಹೋಗಿತ್ತು. ಅಪ್ಪ ಐಸಿಯುನಲ್ಲಿದ್ದ ರಾತ್ರಿ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಚೀಲದಲ್ಲಿದ್ದ ಸತ್ಯವೇದವನ್ನು ತೆರೆಯಲೇ ಇಲ್ಲ. ಬೆಳಗಿನವರೆಗೂ ತುಟಿ ಅಲ್ಲಾಡುತ್ತಿತ್ತು. ಕಿವಿಗೊಟ್ಟರೆ, ಅಳಿಸಿಹೋದ ಅದೇ ಸಾಲು.

6. ಸಾವಿನ ಮನೆಗೆ ಹೋಗಿ ವಚನ ಒಪ್ಪಿಸಬೇಡಿ. ಯೋಬನ ಗೆಳೆಯರು ಮೊದಲ ಏಳು ದಿನ, ಹಗಲೂ ರಾತ್ರಿ, ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ನೀವೂ ಕೂತುಕೊಳ್ಳಿ. ಅವರಾಗಿ ಕೇಳಿದ ದಿನ, ನಿಮ್ಮ ಕಷ್ಟದಲ್ಲಿ ನಿಮ್ಮನ್ನು ಹಿಡಿದ ವಚನವನ್ನೇ ಹೇಳಿ.