ಹಂಪಿಯ ಸಾಲುಮಂಟಪ ಪೇಟೆಗಳು

ವಿಜಯನಗರದ ರಾಜಧಾನಿ ಹಂಪಿಯಲ್ಲಿ ದೊಡ್ಡ ದೇವಾಲಯಗಳ ಮುಂದಿನ ರಥಬೀದಿಯೇ ಪೇಟೆ. ಇಕ್ಕೆಲದಲ್ಲೂ ಕಲ್ಲುಕಂಬ, ಚಪ್ಪಡಿ ಚಾವಣಿಯ ಮಂಟಪಗಳು. ವ್ಯಾಪಾರಕ್ಕೂ ತಂಗಲಿಕ್ಕೂ ಅವೇ ನೆರಳು.

• ಪ್ರಮುಖ ಪೇಟೆಗಳು: ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ಬಜಾರು.
• ಕೃಷ್ಣ ದೇವಾಲಯ: ಉದಯಗಿರಿ ವಿಜಯದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ್ದು.
• ಪ್ರವಾಸಿಗರು: ಅಬ್ದುರ್ ರಜಾಕ್ (ಪರ್ಷಿಯಾ, 1443, ಇಮ್ಮಡಿ ದೇವರಾಯನ ಕಾಲ), ಡೊಮಿಂಗೊ ಪಾಯಸ್ (ಪೋರ್ಚುಗಲ್, ಕೃಷ್ಣದೇವರಾಯನ ಕಾಲ).
• ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರ್ಪಡೆ: 1986.
• ವಿಜಯನಗರಕ್ಕೂ ಹಿಂದಿನ ವರ್ತಕ ಸಂಘ: ಅಯ್ಯಾವೊಳೆ ಐನೂರ್ವರು, ಮೂಲ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ.
• ಇಂದಿನ ಹೆಸರಾಂತ ಮೆಣಸಿನಕಾಯಿ ಪೇಟೆ: ಹಾವೇರಿ ಜಿಲ್ಲೆಯ ಬ್ಯಾಡಗಿ. ಕಡುಗೆಂಪು ಬಣ್ಣ, ಕಡಿಮೆ ಖಾರದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ.

ನೆನಪಿಡಿ: ಮೆಣಸಿನಕಾಯಿ ಭಾರತಕ್ಕೆ ಪೋರ್ಚುಗೀಸರ ಮೂಲಕ ಬಂದದ್ದು, ಅದಕ್ಕೆ ಮೊದಲು ಖಾರಕ್ಕೆ ಕಾಳುಮೆಣಸು.