ಡಿಸ್ಕ್ ಗಾಲ್ಫ್: ಆ 50 ಡಾಲರ್ ಯಾರು ಕಟ್ಟಬೇಕು?

ನಾರ್ತ್ ಕೆರೊಲಿನಾದ ಶಾರ್ಲಟ್‌ನಲ್ಲಿ ಡಿಸ್ಕ್ ಗಾಲ್ಫ್ ಹುಚ್ಚು ಹತ್ತಿಸಿಕೊಂಡ ಕನ್ನಡಿಗರ ಸಣ್ಣ ಗುಂಪೊಂದಿದೆ. ಮನೆ ಸಾಲ, ಮಕ್ಕಳ ಡೇ ಕೇರ್, ಊರಿಗೆ ಹೋಗುವ ಟಿಕೆಟ್ಟು ಇವೆಲ್ಲದರ ನಡುವೆ ಜೇಬಿಗೆ ಭಾರವಾಗದ ಆಟ ಇದು. 10ರಿಂದ 20 ಡಾಲರಿಗೆ ಒಂದು ಡಿಸ್ಕ್ ಸಿಗುತ್ತದೆ. ಎರಡು ಮೂರು ಇದ್ದರೆ ಶುರು ಮಾಡಬಹುದು. ಹಾರ್ನೆಟ್ಸ್ ನೆಸ್ಟ್, ನೆವಿನ್, ಕಿಲ್ಬೋರ್ನ್ ಪಾರ್ಕುಗಳಿಗೆ ಹೋಗಿ ಮರಗಳ ನಡುವೆ ಎಸೆಯುತ್ತಾ, ಸರಪಳಿ ತೂಗುಬಿಟ್ಟ ಬುಟ್ಟಿಯಿಂದ ಬುಟ್ಟಿಗೆ ನಡೆಯುತ್ತಾ ಬೆಳಗ್ಗೆ ಎರಡು ಗಂಟೆ ಕಳೆದರೆ ಯಾರಿಗೂ ಒಂದು ಕಾಸು ಕೊಡಬೇಕಾಗಿಲ್ಲ.

ಅದಕ್ಕೇ ನಮ್ಮ ಗುಂಪಿನ ಹೊಸಬರು ಟೂರ್ನಿಯ ಕಡೆ ಕಣ್ಣು ಹಾಯಿಸಿದ ಕೂಡಲೇ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಪಾರ್ಕ್ ಫ್ರೀ, ಸ್ಕೋರ್ ಬರ್ಕೊಳ್ಳೋ ಆ್ಯಪ್ ಫ್ರೀ. ಪಿಡಿಜಿಎಗೆ ಯಾಕೆ ವರ್ಷಾವರ್ಷ ದುಡ್ಡು ಕಟ್ಬೇಕು?" ನ್ಯಾಯವಾದ ಪ್ರಶ್ನೆ. ಹವ್ಯಾಸಿ ಆಟಗಾರನಾಗಿ ನಾನು ಕಟ್ಟುವುದು ವರ್ಷಕ್ಕೆ 50 ಡಾಲರ್. ವೃತ್ತಿಪರನೆಂದು ಹೆಸರು ಬರೆಸಿದರೆ 75. ರೂಪಾಯಿಯಲ್ಲಿ ಎಣಿಸುವ ಅಭ್ಯಾಸ ಇನ್ನೂ ಬಿಡದವರಿಗೆ 50 ಡಾಲರ್ ಎಂದರೆ ನಾಲ್ಕು ಸಾವಿರಕ್ಕೂ ಮೇಲೆ.

ಪಿಡಿಜಿಎ ಎಂದರೆ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಮೊದಲ ಶಾಶ್ವತ ಕೋರ್ಸ್ ಹಾಕಿದ ಎಡ್ ಹೆಡ್ರಿಕ್ ಮರುವರ್ಷ ಇದನ್ನು ಹುಟ್ಟುಹಾಕಿದರು. ಸರಪಳಿ ಬುಟ್ಟಿಯನ್ನು ರೂಪಿಸಿದವರೂ ಅವರೇ, ಸಂಸ್ಥೆಯ ಸದಸ್ಯ ಸಂಖ್ಯೆ 1 ಕೂಡ ಅವರದೇ. ಒಮ್ಮೆ ಸಿಕ್ಕ ಸಂಖ್ಯೆ ಜೀವನವಿಡೀ ನಮ್ಮದು. ಹನ್ನೆರಡು ಬಾರಿ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೊ ಅವರದು 4297, ಹೆಸರಾಂತ ಆಟಗಾರ ಪಾಲ್ ಮೆಕ್‌ಬೆತ್ ಅವರದು 27523. ಈಗ ಸೇರುವವರಿಗೆ ಸಿಗುವ ಸಂಖ್ಯೆ 2 ಲಕ್ಷವನ್ನು ಯಾವಾಗಲೋ ದಾಟಿದೆ. ಆಟ ಎಷ್ಟು ಬೇಗ ಬೆಳೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಲೆಕ್ಕಕ್ಕೆ ಬರೋಣ. ನಿಯಮ ಪುಸ್ತಕ, ಕೋರ್ಸುಗಳ ವಿವರ, ಟೂರ್ನಿಗಳ ಪಟ್ಟಿ, ಫಲಿತಾಂಶ ಇವನ್ನೆಲ್ಲ ಸಂಸ್ಥೆ ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟಿದೆ. ಓದುವುದಕ್ಕೆ ಸದಸ್ಯತ್ವ ಬೇಕಿಲ್ಲ. ಹೊಸ ಸದಸ್ಯರಿಗೆ ಕಳಿಸುವ ಪುಟ್ಟ ಮಿನಿ ಡಿಸ್ಕು, ಬ್ಯಾಗಿಗೆ ಕಟ್ಟುವ ಬಿಲ್ಲೆ ಚೆನ್ನಾಗಿರುತ್ತವೆ, ಆದರೆ ಅದಕ್ಕಾಗಿ 50 ಡಾಲರ್ ಕೊಡಬೇಡಿ. ಹಣದ ಮಾತು ಬರುವುದು ಟೂರ್ನಿಯ ಗೇಟಿನಲ್ಲಿ. ಪಿಡಿಜಿಎ ಮಾನ್ಯತೆಯ ಸಣ್ಣ ಟೂರ್ನಿಗಳಲ್ಲಿ ಸದಸ್ಯರಲ್ಲದವರು ಪ್ರವೇಶ ಶುಲ್ಕದ ಮೇಲೆ 10 ಡಾಲರ್ ಹೆಚ್ಚಿಗೆ ಕೊಡಬೇಕು. ದೊಡ್ಡ ಶ್ರೇಣಿಯವಕ್ಕೆ ಸದಸ್ಯತ್ವ ಇಲ್ಲದೆ ಹೆಸರೇ ಕೊಡಲಾಗದು. ಹಾಗಾಗಿ ವರ್ಷಕ್ಕೆ ಐದು ಸಣ್ಣ ಟೂರ್ನಿ ಆಡಿದರೆ ಕಟ್ಟಿದ್ದಕ್ಕೂ ಉಳಿದದ್ದಕ್ಕೂ ಸರಿಹೋಯಿತು. ಆರನೆಯದರಿಂದ ಉಳಿತಾಯ. ಎರಡೇ ಆಡುವವರು ಸದಸ್ಯರಾದರೆ 30 ಡಾಲರ್ ಕೈಯಿಂದ ಹೋಯಿತು.

ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಅರ್ಧ. ಆ ಹಣಕ್ಕೆ ನಿಜವಾಗಿ ಸಿಗುವುದು ರೇಟಿಂಗ್. ಅದನ್ನು ಅನುಭವಿಸಿದ ಮೇಲೆ ನನಗೆ ಅದರ ಬೆಲೆ ತಿಳಿಯಿತು.

ಗೆಳೆಯರ ಜೊತೆ ಆಡುವಾಗ ಸ್ಕೋರು ಕೋರ್ಸಿಗೆ ತಕ್ಕ ಹಾಗೆ ಬದಲಾಗುತ್ತದೆ. ಕಿಲ್ಬೋರ್ನಿನಲ್ಲಿ ಬಂದ ಸ್ಕೋರನ್ನು ಹಾರ್ನೆಟ್ಸ್ ನೆಸ್ಟಿನ ಸ್ಕೋರಿಗೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಪಿಡಿಜಿಎ ರೇಟಿಂಗು ಈ ತೊಡಕನ್ನು ಬಿಡಿಸುತ್ತದೆ. ಅದೇ ದಿನ ಅದೇ ಕೋರ್ಸಿನಲ್ಲಿ ಆಡಿದ, ಈಗಾಗಲೇ ರೇಟಿಂಗ್ ಇರುವ ಸದಸ್ಯರ ಸ್ಕೋರುಗಳನ್ನು ಇಟ್ಟುಕೊಂಡು ನಮ್ಮ ಸುತ್ತಿಗೆ ಅಂಕ ಕೊಡುತ್ತಾರೆ. ಅಂಥವರು ಕನಿಷ್ಠ ಐವರಾದರೂ ಇರಲೇಬೇಕು. 1000 ಎಂದರೆ ನುರಿತ ಆಟಗಾರನ ಮಟ್ಟ. 18 ಬುಟ್ಟಿಯ ಸಾಧಾರಣ ಕೋರ್ಸಿನಲ್ಲಿ ಒಂದು ಎಸೆತ ಹೆಚ್ಚುಕಡಿಮೆಯಾದರೆ ಸುಮಾರು 10 ಅಂಕದ ವ್ಯತ್ಯಾಸ. ಕಳೆದ ಹನ್ನೆರಡು ತಿಂಗಳ ಸುತ್ತುಗಳ ಸರಾಸರಿ ತೆಗೆಯುವಾಗ ತೀರಾ ಈಚಿನವಕ್ಕೆ ಹೆಚ್ಚು ತೂಕ ಕೊಡುತ್ತಾರೆ, ಮೈ ಹುಷಾರಿಲ್ಲದ ದಿನದ ಅತಿ ಕೆಟ್ಟ ಸುತ್ತನ್ನು ಕೈಬಿಡುತ್ತಾರೆ. ತಿಂಗಳಿಗೊಮ್ಮೆ ಅದು ಪರಿಷ್ಕರಣೆಯಾಗುತ್ತದೆ. ಆ ದಿನ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಬ್ಬದ ಸಡಗರ.

ಈ ಅಂಕದ ಮೇಲೆ ವಿಭಾಗಗಳು ನಿಂತಿವೆ. ಹವ್ಯಾಸಿಗಳಲ್ಲಿ 850ಕ್ಕಿಂತ ಕೆಳಗಿನವರಿಗೆ ನೋವಿಸ್, 900ಕ್ಕಿಂತ ಕೆಳಗಿನವರಿಗೆ ರಿಕ್ರಿಯೇಷನಲ್, ಅದರ ಮೇಲೆ ಇಂಟರ್ಮೀಡಿಯೆಟ್, ಅಡ್ವಾನ್ಸ್ಡ್. ಚೆನ್ನಾಗಿ ಆಡುವವನು ಸುಲಭದ ಬಹುಮಾನಕ್ಕಾಗಿ ಕೆಳಗಿನ ವಿಭಾಗದಲ್ಲಿ ಬಂದು ಕೂರುವುದನ್ನು ರೇಟಿಂಗ್ ತಡೆಯುತ್ತದೆ. ನಮ್ಮಂತೆ ದೊಡ್ಡವರಾದ ಮೇಲೆ ಆಟ ಕಲಿತವರು ಸಮಬಲದವರ ಜೊತೆ ಆಡಬೇಕಾದರೆ ಈ ಬೇಲಿ ಬೇಕೇಬೇಕು. ಇದನ್ನು ನಾನು ಸದಸ್ಯತ್ವದ ಅತಿ ದೊಡ್ಡ ಲಾಭವೆಂದು ಎಣಿಸುತ್ತೇನೆ.

ಮಾನ್ಯತೆ ಇರುವ ಟೂರ್ನಿಯ ಶಿಸ್ತೇ ಬೇರೆ. ಒಮ್ಮೆ ನನ್ನ ಕಾರ್ಡಿನಲ್ಲಿ, ಅಂದರೆ ಜೊತೆಯಾಗಿ ಆಡುವ ಗುಂಪಿನಲ್ಲಿ, ಇದ್ದ ಹುಡುಗನೊಬ್ಬ ಬುಟ್ಟಿಯಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ ನಿಂತು ಡಿಸ್ಕ್ ಬಿಟ್ಟ. ಸರಪಳಿ ಝಲ್ಲೆಂದಿತು. ಆದರೆ ಬಿಟ್ಟ ರಭಸಕ್ಕೆ ಅವನ ಕಾಲು ಗುರುತಿನ ಮಿನಿ ಡಿಸ್ಕನ್ನು ದಾಟಿ ಮುಂದೆ ಬಿತ್ತು. ಬುಟ್ಟಿಯಿಂದ 10 ಮೀಟರಿನ ಒಳಗೆ ಎಸೆದವನು ಮೊದಲು ಸಮತೋಲ ತೋರಿಸಿ ಆಮೇಲೆ ಮುಂದೆ ಹೆಜ್ಜೆ ಇಡಬೇಕೆಂಬುದು ನಿಯಮ. ಕಾರ್ಡಿನಲ್ಲಿದ್ದ ಹಿರಿಯರೊಬ್ಬರು ಮೆತ್ತಗೆ ಅದನ್ನು ಹೇಳಿದರು, ಇನ್ನೊಬ್ಬರು ಹೌದೆಂದರು, ಒಂದು ಎಸೆತ ದಂಡ ಬಿತ್ತು. ಹುಡುಗ ತಲೆಯಾಡಿಸಿ ಸ್ಕೋರು ಬರೆದುಕೊಂಡ. ಅಂಪೈರ್ ಇಲ್ಲ, ಜಗಳ ಇಲ್ಲ. ಅಪರಿಚಿತರು ನಾಲ್ವರು ಒಂದೇ ಪುಸ್ತಕಕ್ಕೆ ತಲೆಬಾಗಿ ಆಡುವ ಸುಖವನ್ನು ನಾನು ಅಂದು ಕಂಡೆ. ಆ ಪುಸ್ತಕವನ್ನು ಬರೆಯುವುದು, ತಿದ್ದುವುದು, ಯಾವ ಡಿಸ್ಕ್, ಯಾವ ಬುಟ್ಟಿ ಸ್ಪರ್ಧೆಗೆ ಅರ್ಹ ಎಂದು ತೀರ್ಮಾನಿಸುವುದು ಎಲ್ಲವೂ ಈ ಸಂಸ್ಥೆಯ ಕೆಲಸ. ಆ ಕೆಲಸಕ್ಕೆ ಯಾರೋ ಹಣ ಕೊಡಲೇಬೇಕಲ್ಲ.

ಇನ್ನು ಎಚ್ಚರಿಕೆಯ ಮಾತು. 50 ಡಾಲರ್ ನಿಮ್ಮ ಮನೆಯ ಬಜೆಟ್ಟನ್ನು ಕೆಡಿಸುವುದಿಲ್ಲ. ಕೆಡಿಸುವುದು ಅದರ ಹಿಂದೆ ಬರುವ ಖರ್ಚು. ಸದಸ್ಯನಾದವನಿಗೆ ರೇಟಿಂಗ್ ಏರಿಸುವ ಆಸೆ, ಅದಕ್ಕೆ ಇನ್ನೊಂದು ಟೂರ್ನಿ, ಮತ್ತೊಂದು ಟೂರ್ನಿ. ಪ್ರತಿಯೊಂದಕ್ಕೂ ಪ್ರವೇಶ ಶುಲ್ಕ, ಪೆಟ್ರೋಲು, ಪಕ್ಕದ ರಾಜ್ಯವಾದರೆ ಹೋಟೆಲ್ ಕೋಣೆ, ನೀರಿಗೆ ಬಿದ್ದು ಕಳೆದ ಡಿಸ್ಕಿಗೆ ಬದಲಿ. ನಾನು ಜನವರಿಯಲ್ಲೇ ವರ್ಷದ ಆಟಕ್ಕೆಂದು ಒಂದು ಮೊತ್ತ ಎತ್ತಿಟ್ಟು, ಸದಸ್ಯತ್ವವನ್ನೂ ಅದರಲ್ಲೇ ಕಟ್ಟುತ್ತೇನೆ. ಮೊತ್ತ ಮುಗಿದರೆ ಆ ವರ್ಷದ ಟೂರ್ನಿ ಮುಗಿಯಿತು, ಪಾರ್ಕಿನ ಆಟ ಮಾತ್ರ.

ಬಹುಮಾನದಿಂದ ಖರ್ಚು ಹಿಂದೆ ಬರುತ್ತದೆ ಎಂದು ನಂಬಬೇಡಿ. ಹವ್ಯಾಸಿ ವಿಭಾಗದಲ್ಲಿ ಗೆದ್ದರೆ ಸಿಗುವುದು ನಗದಲ್ಲ, ಡಿಸ್ಕು, ಬ್ಯಾಗು, ಅಂಗಿ ಕೊಳ್ಳುವ ಚೀಟಿ. ಅದನ್ನು ಅಂಗಡಿ ಬೆಲೆಯಲ್ಲೇ ಲೆಕ್ಕ ಹಾಕುತ್ತಾರೆ, ಸಂಘಟಕರು ಕೊಳ್ಳುವುದು ಸಗಟು ದರದಲ್ಲಿ. ನಡುವಿನ ಅಂತರದಲ್ಲೇ ಎಷ್ಟೋ ಟೂರ್ನಿಗಳ ಖರ್ಚು ಸಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಆ ಚೀಟಿಯಲ್ಲಿ ಕಿರಾಣಿ ಬರುವುದಿಲ್ಲ. ನಗದು ಸಿಗುವುದು ವೃತ್ತಿಪರರಿಗೆ. ಮೆಕ್‌ಬೆತ್ ಅವರು 2021ರಲ್ಲಿ ಡಿಸ್ಕ್ ತಯಾರಿಸುವ ಡಿಸ್ಕ್ರಾಫ್ಟ್ ಕಂಪನಿಯ ಜೊತೆ ಹತ್ತು ವರ್ಷಕ್ಕೆ 1 ಕೋಟಿ ಡಾಲರಿನ ಪ್ರಾಯೋಜಕತ್ವದ ಒಪ್ಪಂದ ಮಾಡಿಕೊಂಡದ್ದು ನಿಜ. ಅಂಥವರು ಬೆರಳೆಣಿಕೆಯಷ್ಟು. ಉದ್ಯೋಗದ ವೀಸಾದಲ್ಲಿರುವ ನಮ್ಮವರು ಮಾತ್ರ ನಗದು ಬಹುಮಾನಕ್ಕೆ ಕೈಯೊಡ್ಡುವ ಮೊದಲು ವಕೀಲರನ್ನು ಒಂದು ಮಾತು ಕೇಳಿಬಿಡಿ.

ಸದಸ್ಯತ್ವ ಜನವರಿಯಿಂದ ಡಿಸೆಂಬರಿಗೆ ಲೆಕ್ಕ ಎಂಬುದನ್ನು ಮರೆಯಬೇಡಿ. ವರ್ಷದ ನಡುವೆ ಸೇರಿದರೂ ಅದೇ ಹಣ, ಸಿಗುವುದು ಉಳಿದ ತಿಂಗಳುಗಳಷ್ಟೇ. ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟು: ಮೊದಲು 10 ಡಾಲರ್ ಹೆಚ್ಚಿಗೆ ಕೊಟ್ಟು ಒಂದೆರಡು ಸಣ್ಣ ಟೂರ್ನಿ ಆಡಿ. ಬೆಳಗ್ಗೆಯಿಂದ ಸಂಜೆವರೆಗೆ ಎರಡು ಸುತ್ತು ಆಡುವುದು ನಿಮಗೆ ಹಿಡಿಸುತ್ತದೆಯೇ, ಮನೆಯವರಿಗೆ ಆ ಶನಿವಾರಗಳು ಒಪ್ಪಿಗೆಯೇ, ನೋಡಿಕೊಳ್ಳಿ. ಹಿಡಿಸಿದರೆ, ಮುಂದಿನ ವರ್ಷ ನಾಲ್ಕೈದಾದರೂ ಆಡುವ ಮನಸ್ಸಿದ್ದರೆ, ಜನವರಿಯಲ್ಲಿ ಕಟ್ಟಿ. ಮೂರೇ ಆಡುತ್ತೀರಿ, ಆದರೆ ನಿಮ್ಮ ಆಟ ಎಷ್ಟು ಸುಧಾರಿಸಿದೆ ಎಂದು ತಿಳಿಯುವ ಆಸೆ ಇದೆ ಎನ್ನುವುದಾದರೂ ಕಟ್ಟಿ. ಆ 20 ಡಾಲರ್ ರೇಟಿಂಗಿನ ಬೆಲೆ ಅಂದುಕೊಳ್ಳಿ, ಅದು ದುಬಾರಿಯಲ್ಲ. ಮಕ್ಕಳಿಗೆ ದರ ಕಡಿಮೆ, ಆಸಕ್ತಿ ಇರುವ ಮಕ್ಕಳನ್ನು ತಡಮಾಡದೆ ಸೇರಿಸಿ. ಪಾರ್ಕಿನಲ್ಲಿ ಗೆಳೆಯರ ಜೊತೆ ಎಸೆದು ಮನೆಗೆ ಬಂದು ಉಪ್ಪಿಟ್ಟು ತಿನ್ನುವುದಷ್ಟೇ ನಿಮಗೆ ಬೇಕಿದ್ದರೆ ಸದಸ್ಯತ್ವ ಬೇಡ. ಆ 50 ಡಾಲರನ್ನು ನಿಮ್ಮ ಊರಿನ ಕ್ಲಬ್ಬಿಗೆ ಕೊಡಿ, ಬುಟ್ಟಿ ರಿಪೇರಿ ಮಾಡುವವರು, ಕೋರ್ಸಿನ ಹುಲ್ಲು ಕಡಿಯುವವರು ಅವರೇ.